ಕಾಯುವ ಹೊತ್ತಿಗೆ ಲೆಕ್ಕ ಬರೆದ ಎರ್ಲಾಂಗ್

ಟೆಲಿಫೋನು ಹೊಸದಾಗಿ ಬಳಕೆಗೆ ಬಂದ ಕಾಲದಲ್ಲಿ ಇಬ್ಬರು ಮಾತನಾಡಬೇಕಾದರೆ ನಡುವೆ ಮೂರನೆಯವರೊಬ್ಬರು ಇರಲೇಬೇಕಾಗಿತ್ತು. ಚಂದಾದಾರನು ಕರೆ ಮಾಡಿದೊಡನೆ ಎಕ್ಸ್‌ಚೇಂಜಿನ ಹಲಗೆಯ ಮೇಲೆ ಅವನ ಗುರುತು ಕಾಣಿಸಿಕೊಳ್ಳುವುದು. ಹಲಗೆಯ ಮುಂದೆ ಕುಳಿತ ಹೆಣ್ಣುಮಗಳು, ಯಾರು ಬೇಕೆಂದು ಕೇಳಿ ತಿಳಿದು, ತಂತಿಯ ತುದಿಯನ್ನು ತಕ್ಕ ರಂಧ್ರಕ್ಕೆ ಸೇರಿಸಿ ಇಬ್ಬರನ್ನೂ ಕೂಡಿಸುವಳು. ಅವಳು ಬೇರೊಂದು ಕರೆಯಲ್ಲಿ ತೊಡಗಿದ್ದರೆ ಚಂದಾದಾರನು ಕಾಯಬೇಕು. ಕಾಯುವವರ ದೂರು ಹೆಚ್ಚಾಯಿತೆಂದು ಕಂಪೆನಿಯವರು ಇನ್ನಷ್ಟು ಮಂದಿಯನ್ನು ನೇಮಿಸಿದರೆ, ಕರೆಗಳು ವಿರಳವಾದ ಹೊತ್ತಿನಲ್ಲಿ ಅವರಿಗೆಲ್ಲ ಕೆಲಸವಿಲ್ಲದೆ ಸಂಬಳ ಕೊಡಬೇಕು. ಹಾಗಾದರೆ ಎಷ್ಟು ಜನರಿದ್ದರೆ ಸರಿ? ಬಹುಕಾಲ ಈ ಪ್ರಶ್ನೆಗೆ ಅಂದಾಜೊಂದೇ ಉತ್ತರವಾಗಿತ್ತು. ಅಂದಾಜನ್ನು ಬಿಡಿಸಿ ಗಣಿತವನ್ನು ಅದರ ಸ್ಥಾನದಲ್ಲಿ ಕುಳ್ಳಿರಿಸಿದವನು ಡೆನ್ಮಾರ್ಕ್ ದೇಶದ ಆಗ್ನರ್ ಕ್ರಾರುಪ್ ಎರ್ಲಾಂಗ್.

ಎರ್ಲಾಂಗನು ಹುಟ್ಟಿದ್ದು 1878ನೆಯ ಇಸವಿಯ ಜನವರಿ 1ರಂದು, ಜಟ್ಲೆಂಡ್ ಪ್ರಾಂತ್ಯದ ಲೋನ್‌ಬೋರ್ಗ್ ಎಂಬ ಹಳ್ಳಿಯಲ್ಲಿ. ತಂದೆ ಹಾನ್ಸ್ ನೀಲ್ಸನ್ ಎರ್ಲಾಂಗ್ ಆ ಊರಿನ ಶಾಲೆಯ ಉಪಾಧ್ಯಾಯ. ಚರ್ಚಿನ ಕರಣಿಕನ ಕೆಲಸವೂ ಅವನದೇ. ತಾಯಿ ಮಗ್ದಲೇನೆ ಪಾದ್ರಿಗಳ ಮನೆತನದವಳು. ಆಕೆಯ ಪೂರ್ವಿಕರಲ್ಲಿ ಥಾಮಸ್ ಫಿಂಕೆ ಎಂಬ ಗಣಿತಜ್ಞನೊಬ್ಬನಿದ್ದ. ತ್ರಿಕೋನಮಿತಿಯನ್ನು ಓದಿದವರು ಟ್ಯಾಂಜೆಂಟ್, ಸೀಕೆಂಟ್ ಎಂಬ ಹೆಸರುಗಳನ್ನು ಮರೆಯಲಾರರು. 1583ರಲ್ಲಿ ಆ ಹೆಸರುಗಳನ್ನು ಬಳಕೆಗೆ ತಂದವನೇ ಈ ಫಿಂಕೆ. ಗಣಿತವು ರಕ್ತದಲ್ಲಿ ಹರಿದು ಬರುತ್ತದೆಂದು ನಂಬುವವರಿಗೆ ಇದೊಂದು ಆಧಾರವಾಗಬಹುದು. ನನಗಂತೂ ಉಪಾಧ್ಯಾಯನಾದ ತಂದೆಯ ಮನೆಯಲ್ಲಿದ್ದ ಓದಿನ ವಾತಾವರಣವೇ ಹೆಚ್ಚು ಮುಖ್ಯವೆಂದು ತೋರುತ್ತದೆ.

ಆ ಮನೆಯಲ್ಲಿ ನಾಲ್ವರು ಮಕ್ಕಳು. ಅಣ್ಣ ಫ್ರೆಡರಿಕ್ ಎರಡು ವರ್ಷ ದೊಡ್ಡವನು. ಮೇರಿ ಮತ್ತು ಇಂಗೆಬೋರ್ಗ್ ಇಬ್ಬರು ತಂಗಿಯರು. ಸಂಜೆ ಅಣ್ಣನು ಮೇಜಿನ ಮೇಲೆ ಪುಸ್ತಕವನ್ನಿಟ್ಟುಕೊಂಡು ಓದುತ್ತಿದ್ದರೆ ಆಗ್ನರ್ ಎದುರಿಗೆ ಕುಳಿತು ಅದೇ ಪುಟವನ್ನು ತಲೆಕೆಳಗಾಗಿಯೇ ಓದಿಬಿಡುತ್ತಿದ್ದನಂತೆ. ಹುಡುಗನಿಗೆ ಖಗೋಳಶಾಸ್ತ್ರವೆಂದರೆ ಪ್ರಾಣ. ನಕ್ಷತ್ರಗಳನ್ನು ಕುರಿತು ಪದ್ಯಗಳನ್ನೂ ಕಟ್ಟುತ್ತಿದ್ದನು. ಹದಿನಾಲ್ಕನೆಯ ವಯಸ್ಸಿನಲ್ಲಿ ಕೋಪನ್‌ಹೇಗನ್ನಿಗೆ ಹೋಗಿ ಪ್ರವೇಶ ಪರೀಕ್ಷೆಗೆ ಕುಳಿತನು. ವಯಸ್ಸು ಸಾಲದೆಂದು ವಿಶೇಷ ಅನುಮತಿ ಪಡೆಯಬೇಕಾಯಿತು. ಫಲಿತಾಂಶ ಬಂದಾಗ ಉನ್ನತ ಶ್ರೇಣಿಯಲ್ಲಿ ತೇರ್ಗಡೆಯಾಗಿದ್ದನು. ಆದರೆ ಮುಂದೆ ಓದಿಸಲು ತಂದೆಯ ಕೈಯಲ್ಲಿ ಹಣವಿರಲಿಲ್ಲ. ಊರಿಗೆ ಮರಳಿ ಎರಡು ವರ್ಷ ತಂದೆಯ ಶಾಲೆಯಲ್ಲಿಯೇ ಸಹಾಯಕನಾಗಿ ಪಾಠ ಹೇಳುತ್ತ, ಬಿಡುವಿನಲ್ಲಿ ಫ್ರೆಂಚ್ ಮತ್ತು ಲ್ಯಾಟಿನ್ ಭಾಷೆಗಳನ್ನು ಕಲಿತನು. ಕಡೆಗೆ ದೂರದ ಬಂಧುವೊಬ್ಬರು ರಾಜಧಾನಿಯಲ್ಲಿ ಊಟ ವಸತಿಗಳನ್ನು ಧರ್ಮಾರ್ಥವಾಗಿ ಒದಗಿಸಿದರು. ವಾರಾನ್ನದಿಂದಲೂ ಉಚಿತ ವಿದ್ಯಾರ್ಥಿ ನಿಲಯಗಳಿಂದಲೂ ಓದಿ ಮೇಲೆ ಬಂದವರು ನಮ್ಮ ನಾಡಿನಲ್ಲಿ ಎಷ್ಟೋ ಮಂದಿ ಇರುವುದರಿಂದ ಇದು ನಮಗೆ ಅಪರಿಚಿತವಾದ ಕಥೆಯೇನೂ ಅಲ್ಲ.

1896ರಲ್ಲಿ ವಿದ್ಯಾರ್ಥಿವೇತನ ಪಡೆದು ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿದನು. 1901ರ ಜನವರಿಯಲ್ಲಿ ಗಣಿತವನ್ನು ಪ್ರಧಾನ ವಿಷಯವಾಗಿಯೂ, ಖಗೋಳ, ಭೌತ, ರಸಾಯನ ಶಾಸ್ತ್ರಗಳನ್ನು ಉಪವಿಷಯಗಳಾಗಿಯೂ ಓದಿ ಎಂ.ಎ. ಪದವಿ ಪಡೆದನು. ಅನಂತರದ ಏಳು ವರ್ಷಗಳು ಶಾಲಾ ಉಪಾಧ್ಯಾಯನ ಜೀವನ. ಪಾಠ ಹೇಳುತ್ತಿದ್ದರೂ ಅಧ್ಯಯನವನ್ನು ಬಿಟ್ಟವನಲ್ಲ. 1904ರಲ್ಲಿ ಹೈಗನ್ಸನ ಗಣಿತವನ್ನು ಕುರಿತು ಬರೆದ ಪ್ರಬಂಧಕ್ಕೆ ವಿಶ್ವವಿದ್ಯಾನಿಲಯದ ಮನ್ನಣೆ ದೊರೆಯಿತು. ಡೆನ್ಮಾರ್ಕಿನ ಗಣಿತಜ್ಞರ ಸಂಘದ ಸಭೆಗಳಿಗೂ ತಪ್ಪದೆ ಹೋಗುತ್ತಿದ್ದನು. ಆತನ ಬಾಳು ತಿರುಗಿದ್ದು ಅಲ್ಲಿ.

ಆ ಸಭೆಗಳಿಗೆ ಯೋಹಾನ್ ಯೆನ್ಸೆನ್ ಎಂಬುವನೂ ಬರುತ್ತಿದ್ದನು. ಗಣಿತದ ವಿದ್ಯಾರ್ಥಿಗಳಿಗೆ ಯೆನ್ಸೆನ್ ಅಸಮತೆಯ ಮೂಲಕ ಇವನ ಹೆಸರು ಗೊತ್ತು. ಇವನು ಪ್ರಾಧ್ಯಾಪಕನಾಗಿರಲಿಲ್ಲ; ಕೋಪನ್‌ಹೇಗನ್ ಟೆಲಿಫೋನು ಕಂಪೆನಿಯ ಮುಖ್ಯ ಎಂಜಿನಿಯರಾಗಿದ್ದನು! ಆ ಕಂಪೆನಿಯ ವ್ಯವಸ್ಥಾಪಕ ನಿರ್ದೇಶಕನಾದ ಫ್ರಿಟ್ಸ್ ಯೋಹಾನ್ಸೆನನು ಕರೆಗಳ ಸಂಖ್ಯೆಗೂ ಕಾಯುವ ಹೊತ್ತಿಗೂ ಇರುವ ಸಂಬಂಧವನ್ನು ತಾನೇ ಆಲೋಚಿಸಿ 1907ರ ಸುಮಾರಿಗೆ ಲೇಖನ ಬರೆದಿದ್ದನು. ಸಮಸ್ಯೆಯ ಆಳ ಅವನಿಗೆ ತಿಳಿದಿತ್ತು. ಅದಕ್ಕೆ ತಕ್ಕ ಗಣಿತಜ್ಞನೊಬ್ಬನು ಬೇಕಾಗಿದ್ದನು. ಯೆನ್ಸೆನನು ಎರ್ಲಾಂಗನನ್ನು ಕರೆದೊಯ್ದು ಪರಿಚಯಿಸಿದನು. 1908ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಎರ್ಲಾಂಗನು ಕಂಪೆನಿಯ ಪ್ರಯೋಗಶಾಲೆಯ ಕೆಲಸಕ್ಕೆ ಸೇರಿದನು.

ಪ್ರಯೋಗಶಾಲೆ ಎಂದೊಡನೆ ಭವ್ಯವಾದ ಕಟ್ಟಡವನ್ನು ಕಲ್ಪಿಸಿಕೊಳ್ಳಬಾರದು. ಮೊದಮೊದಲು ಆತನಿಗೆ ಸಹಾಯಕರೇ ಇರಲಿಲ್ಲ. ನೆಲದಡಿಯ ತಂತಿಗಳಲ್ಲಿ ಎಲ್ಲಿಂದಲೋ ಸೋರಿ ಬರುವ ವಿದ್ಯುತ್ಪ್ರವಾಹವನ್ನು ಅಳೆಯುವ ಕೆಲಸವೂ ಆತನ ಪಾಲಿಗೇ ಬಂದಿತ್ತು. ಏಣಿ ಹೊತ್ತ ಕೂಲಿಯವನೊಬ್ಬನನ್ನು ಜೊತೆಗೆ ಕರೆದುಕೊಂಡು ಬೀದಿಬೀದಿಯಲ್ಲಿ ನಡೆದು, ಗುಂಡಿಗಳೊಳಕ್ಕೆ ಇಳಿದು ಅಳತೆ ಮಾಡುತ್ತಿದ್ದ ಈ ಎಂ.ಎ. ಪದವೀಧರನ ದೃಶ್ಯ ಕೋಪನ್‌ಹೇಗನ್ನಿನವರಿಗೆ ವಾಡಿಕೆಯಾಗಿ ಹೋಗಿತ್ತು.

ಸೇರಿದ ಮರುವರ್ಷವೇ, ಎಂದರೆ 1909ರಲ್ಲಿ, ಆತನ ಮೊದಲ ಮುಖ್ಯ ಲೇಖನ ಪ್ರಕಟವಾಯಿತು. ಚಂದಾದಾರರು ಒಬ್ಬರನ್ನೊಬ್ಬರು ಕೇಳಿ ಕರೆ ಮಾಡುವುದಿಲ್ಲ. ಆದ್ದರಿಂದ ಕರೆಗಳು ಗಡಿಯಾರದ ಬಡಿತದಂತೆ ಒಂದೇ ಅಂತರದಲ್ಲಿ ಬಾರದೆ, ಒಮ್ಮೆ ಒಟ್ಟಿಗೆ ನಾಲ್ಕು, ಮತ್ತೊಮ್ಮೆ ಬಹಳ ಹೊತ್ತು ಒಂದೂ ಇಲ್ಲ ಎಂಬಂತೆ ಬರುತ್ತವೆ. ಈ ಅವ್ಯವಸ್ಥೆಗೂ ಒಂದು ವ್ಯವಸ್ಥೆಯುಂಟು, ಅದು ಫ್ರಾನ್ಸಿನ ಪ್ವಾಸೋನನ ಹೆಸರಿನಲ್ಲಿ ಪ್ರಸಿದ್ಧವಾದ ಸಂಭವನೀಯತೆಯ ನಿಯಮವೇ ಎಂದು ಎರ್ಲಾಂಗನು ತೋರಿಸಿಕೊಟ್ಟನು. 1898ರಲ್ಲಿ ಬೋರ್ಟ್ಕೀವಿಚ್ ಎಂಬ ವಿದ್ವಾಂಸನು ಪ್ರಷ್ಯಾದ ಸೈನ್ಯದಲ್ಲಿ ಕುದುರೆ ಒದ್ದು ಸತ್ತವರ ಸಂಖ್ಯೆಗೆ ಇದೇ ನಿಯಮವನ್ನು ಅನ್ವಯಿಸಿದ್ದನು. ಕುದುರೆಯ ಒದೆಗೂ ಟೆಲಿಫೋನಿನ ಗಂಟೆಗೂ ಒಂದೇ ಸೂತ್ರವೆಂಬುದು ಗಣಿತದ ವಿನೋದಗಳಲ್ಲೊಂದು.

ಈ ಏರುಪೇರೇ ಎಲ್ಲ ಸರದಿ ಸಾಲುಗಳ ಮೂಲ. ಶುಲ್ಕ ಕಟ್ಟುವ ಕಿಟಕಿಯೊಂದನ್ನು ಎಣಿಸಿಕೊಳ್ಳೋಣ. ಒಳಗೆ ಒಬ್ಬ ಗುಮಾಸ್ತ. ಒಬ್ಬೊಬ್ಬರ ಕೆಲಸಕ್ಕೆ ಹೆಚ್ಚುಕಡಮೆ ಇದ್ದರೂ ಸರಾಸರಿ ಮೂರು ನಿಮಿಷ. ಎಂದರೆ ಗಂಟೆಗೆ 20 ಜನರನ್ನು ಕಳುಹಿಸಬಲ್ಲ. ಗಂಟೆಗೆ 18 ಜನ ಬಂದರೆ ಯಾರೂ ಕಾಯಬೇಕಾಗಿಲ್ಲವೆಂದು ನಮಗೆ ತೋರಬಹುದು. ಎರ್ಲಾಂಗನ ದಾರಿಯಲ್ಲಿ ಲೆಕ್ಕ ಹಾಕಿದರೆ ಬೇರೆಯೇ ಉತ್ತರ ಬರುತ್ತದೆ. ಜನ ಬರುವುದರಲ್ಲಿಯೂ ಕೆಲಸದ ಹೊತ್ತಿನಲ್ಲಿಯೂ ನಿಯತತ್ವವಿಲ್ಲದಿದ್ದರೆ, ಗಂಟೆಗೆ 10 ಜನ ಬಂದಾಗ ಸರಾಸರಿ ಕಾಯುವ ಹೊತ್ತು 3 ನಿಮಿಷ; 16 ಜನ ಬಂದಾಗ 12 ನಿಮಿಷ; 18 ಜನ ಬಂದಾಗ 27 ನಿಮಿಷ; 19 ಜನ ಬಂದಾಗ 57 ನಿಮಿಷ! ಗುಮಾಸ್ತನು ಖಾಲಿ ಕುಳಿತ ನಿಮಿಷಗಳನ್ನು ಕೂಡಿಟ್ಟು ಮುಂದಿನ ನೂಕುನುಗ್ಗಲಿಗೆ ಬಳಸುವಂತಿಲ್ಲ; ಕಳೆದ ಹೊತ್ತು ಕಳೆದೇ ಹೋಯಿತು. ಸಾಲು ಬೆಳೆಯುವುದು ಅದರಿಂದಲೇ.

ಈಗ ಎರಡನೆಯ ಗುಮಾಸ್ತನನ್ನು ಕೂಡಿಸೋಣ. ಒಂದೇ ಸಾಲು, ಬಿಡುವಾದವನು ಮುಂದಿನವನನ್ನು ಕರೆಯುವ ಏರ್ಪಾಡು. ಗಂಟೆಗೆ 18 ಜನರೇ ಬರುತ್ತಿರಲಿ. ಕಾಯುವ ಹೊತ್ತು 13 ಅಥವಾ 14 ನಿಮಿಷಕ್ಕೆ ಇಳಿದೀತೆಂದು ನೀವು ಊಹಿಸಬಹುದು. ಅದು ಇಳಿಯುವುದು ಸುಮಾರು 46 ಸೆಕೆಂಡಿಗೆ! ಆದರೆ ಇಬ್ಬರೂ ತಮ್ಮ ಹೊತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಸುಮ್ಮನೆ ಕುಳಿತಿರುತ್ತಾರೆ. ಮೇಲಧಿಕಾರಿಯ ಕಣ್ಣಿಗೆ ಬೀಳುವುದು ಇದೊಂದೇ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಒಬ್ಬನೇ ಗುಮಾಸ್ತನಿದ್ದಾಗ 18 ಜನ ತಲಾ 27 ನಿಮಿಷ ಕಾದರೆ ಒಟ್ಟು ಎಂಟು ಗಂಟೆಗೂ ಮೇಲಾಯಿತು; ಇಬ್ಬರಿದ್ದಾಗ ಎಲ್ಲರದೂ ಸೇರಿ ಹದಿನಾಲ್ಕು ನಿಮಿಷ. ಒಬ್ಬ ಗುಮಾಸ್ತನ ಒಂದು ಗಂಟೆಯ ಸಂಬಳವನ್ನು ಉಳಿಸುವುದಕ್ಕಾಗಿ ಜನರ ಸುಮಾರು ಎಂಟು ಗಂಟೆಗಳನ್ನು ತೆತ್ತಂತಾಯಿತು. ಸಂಬಳವು ಕಚೇರಿಯ ಖರ್ಚಿನ ಪುಸ್ತಕದಲ್ಲಿ ಕಾಣುತ್ತದೆ. ಹೊರಗೆ ಬಿಸಿಲಿನಲ್ಲಿ ನಿಂತವರ ಹೊತ್ತನ್ನು ಯಾವ ಪುಸ್ತಕದಲ್ಲಿಯೂ ಬರೆಯುವುದಿಲ್ಲ. ಎರಡನ್ನೂ ಒಂದೇ ಹಾಳೆಯ ಮೇಲೆ ಬರೆಯುವಂತೆ ಮಾಡಿದುದೇ ಎರ್ಲಾಂಗನ ದೊಡ್ಡ ಕೆಲಸವೆಂದು ನನ್ನ ಭಾವನೆ. ಮೂರನೆಯ ಗುಮಾಸ್ತನನ್ನು ನೇಮಿಸಿದರೆ ಉಳಿಯುವುದು ಕೆಲವೇ ಸೆಕೆಂಡು. ಆ ಸಂಬಳ ದಂಡವೆಂದು ಹೇಳುವುದೂ ಇದೇ ಗಣಿತವೇ.

1917ರಲ್ಲಿ ಆತನ ಅತ್ಯಂತ ಪ್ರಸಿದ್ಧವಾದ ಲೇಖನ ಹೊರಬಿದ್ದಿತು. ಅಷ್ಟರಲ್ಲಿ ಸ್ವಯಂಚಾಲಿತ ಎಕ್ಸ್‌ಚೇಂಜುಗಳು ಬರತೊಡಗಿದ್ದವು. ಅಲ್ಲಿ ಎಲ್ಲ ತಂತಿಗಳೂ ತುಂಬಿದ್ದರೆ ಕರೆ ಕಾಯದೆ ಕಡಿದುಹೋಗುವುದು. ಹೀಗೆ ನಷ್ಟವಾಗುವ ಕರೆಗಳ ಪ್ರಮಾಣವೆಷ್ಟು ಎಂಬುದಕ್ಕೆ ಒಂದು ಸೂತ್ರ, ಕರೆಗಳು ಕಾಯುವಂತಿದ್ದರೆ ಎಷ್ಟು ಮಂದಿ ಕಾಯಬೇಕಾಗುವುದು ಎಂಬುದಕ್ಕೆ ಇನ್ನೊಂದು: ಇವನ್ನು ಇಂದಿಗೂ ಎಂಜಿನಿಯರುಗಳು ಎರ್ಲಾಂಗ್ ಬಿ, ಎರ್ಲಾಂಗ್ ಸಿ ಎಂದು ಕರೆಯುತ್ತಾರೆ. ಮೊದಲನೆಯದರ ಫಲವನ್ನಷ್ಟೇ ನೋಡೋಣ. ತಲಾ ಮೂರು ನಿಮಿಷದ 20 ಕರೆಗಳು ಒಂದು ಗಂಟೆಯಲ್ಲಿ ಬಂದರೆ ಅವುಗಳ ಒಟ್ಟು ಮಾತು ಸರಿಯಾಗಿ ಒಂದು ತಂತಿಯ ಒಂದು ಗಂಟೆ. ಒಂದೇ ತಂತಿಯಿದ್ದರೆ ಅರ್ಧದಷ್ಟು ಕರೆಗಳು ನಷ್ಟ. ಎರಡಿದ್ದರೆ ಐದರಲ್ಲಿ ಒಂದು. ಮೂರಿದ್ದರೆ ಹದಿನಾರರಲ್ಲಿ ಒಂದು. ನಾಲ್ಕಿದ್ದರೆ ಅರವತ್ತೈದರಲ್ಲಿ ಒಂದು. ನಷ್ಟವು ನೂರಕ್ಕೆ ಒಂದಕ್ಕಿಂತ ಕಡಮೆಯಾಗಬೇಕಾದರೆ ಐದು ತಂತಿಗಳು ಬೇಕು. ಇಂತಹ ಹತ್ತು ಬಡಾವಣೆಗಳಿಗೆ ಬೇರೆಬೇರೆಯಾಗಿ ಐದೈದು ಕೊಟ್ಟರೆ ಐವತ್ತು ತಂತಿಗಳಾಗುತ್ತವೆ. ಹತ್ತರ ಕರೆಗಳನ್ನೂ ಒಂದುಗೂಡಿಸಿ ಒಂದೇ ಕಟ್ಟಿಗೆ ಹರಿಸಿದರೆ ಹದಿನೆಂಟೇ ಸಾಕು! ಒಂದು ಬಡಾವಣೆಯಲ್ಲಿ ದಟ್ಟಣೆಯಾದಾಗ ಇನ್ನೊಂದರಲ್ಲಿ ವಿರಾಮವಿರುತ್ತದೆ. ಒಗ್ಗಟ್ಟಿನಲ್ಲಿ ಬಲವಿದೆಯೆಂಬ ಗಾದೆ ತಾಮ್ರದ ತಂತಿಗೂ ಸಲ್ಲುತ್ತದೆಂದು ಯಾರು ತಿಳಿದಿದ್ದರು?

ಈ ಬರಹಗಳು ಮೊದಲು ಪ್ರಕಟವಾದದ್ದು ಡೇನಿಷ್ ಭಾಷೆಯಲ್ಲಿ. ಅದೂ ಬಹು ಸಂಕ್ಷೇಪವಾಗಿ, ಸಾಧನೆಯ ಮೆಟ್ಟಿಲುಗಳನ್ನು ಬಿಟ್ಟುಬಿಟ್ಟು. ಆದರೂ ಸೂತ್ರಗಳು ದೇಶಾಂತರಕ್ಕೆ ಹೋದವು. ಬ್ರಿಟಿಷ್ ಅಂಚೆ ಇಲಾಖೆಯವರು ತಮ್ಮ ಟೆಲಿಫೋನು ವ್ಯವಸ್ಥೆಗೆ ಅವನ್ನು ಸ್ವೀಕರಿಸಿದರು. ಅಮೆರಿಕದ ಬೆಲ್ ಸಂಸ್ಥೆಯ ಸಂಶೋಧಕನೊಬ್ಬನು ಮೂಲವನ್ನೇ ಓದಬೇಕೆಂದು ಡೇನಿಷ್ ಕಲಿತನಂತೆ. ಐದಾರು ಪುಟಗಳ ಲೇಖನಕ್ಕಾಗಿ ಪರದೇಶದವನೊಬ್ಬನು ಭಾಷೆಯನ್ನೇ ಕಲಿಯುವುದು ಸಣ್ಣ ಭಾಷೆಗಳಲ್ಲಿ ಬರೆಯುವವರೆಲ್ಲರೂ ಹೆಮ್ಮೆಪಡುವ ಸಂಗತಿ.

ಮನುಷ್ಯನಾಗಿ ಎರ್ಲಾಂಗನು ಮಿತಭಾಷಿ, ವಿನಯಶೀಲ. ಮದುವೆಯಾಗಲಿಲ್ಲ, ತಂಗಿ ಇಂಗೆಬೋರ್ಗಳೊಡನೆ ಮನೆ ಮಾಡಿಕೊಂಡಿದ್ದನು. ಸಂಬಳದ ಹಣದಲ್ಲಿ ಬಹುಭಾಗ ಗಣಿತ, ಖಗೋಳ, ಭೌತಶಾಸ್ತ್ರಗಳ ಪುಸ್ತಕಗಳಿಗೆ ಹೋಗುತ್ತಿತ್ತು. ಇನ್ನೊಂದು ಭಾಗ ಬಡವರಿಗೆ. ಕಷ್ಟದಲ್ಲಿದ್ದವರು ಪ್ರಯೋಗಶಾಲೆಗೇ ಬಂದು ಆತನನ್ನು ಕಾಣುತ್ತಿದ್ದರು. ಅವರಿಗೆ ಕೊಡುತ್ತಿದ್ದುದು ಇತರರ ಕಣ್ಣಿಗೆ ಬೀಳದಂತೆ ಎಚ್ಚರ ವಹಿಸುತ್ತಿದ್ದನು. ಸಂಖ್ಯಾಕೋಷ್ಟಕಗಳನ್ನು ಸಿದ್ಧಪಡಿಸುವುದರಲ್ಲಿ ಆತನಿಗೆ ವಿಶೇಷ ಆಸಕ್ತಿ. ಇಂದು ಕೈಯಲ್ಲಿರುವ ಯಂತ್ರವೇ ಎಲ್ಲವನ್ನೂ ಗುಣಿಸಿಕೊಡುವಾಗ ಆ ತಾಳ್ಮೆಯ ಬೆಲೆ ನಮಗೆ ಸುಲಭವಾಗಿ ತಿಳಿಯಲಾರದು.

ಸುಮಾರು ಇಪ್ಪತ್ತು ವರ್ಷ ಕಾಯಿಲೆಯೆಂದು ರಜೆ ಹಾಕದೆ ದುಡಿದ ಈತನು 1929ರ ಜನವರಿಯಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆಗಾಗಿ ಆಸ್ಪತ್ರೆ ಸೇರಬೇಕಾಯಿತು. ಫೆಬ್ರವರಿ 3ರಂದು ತೀರಿಕೊಂಡನು. ಆಗ ಐವತ್ತೊಂದೇ ವರ್ಷ.

ಆತನು ತೆರೆದ ದಾರಿಯಲ್ಲಿ ಮುಂದೆ ಪೊಲ್ಲಾಚೆಕ್, ರಷ್ಯದ ಖಿಂಚಿನ್, ಇಂಗ್ಲೆಂಡಿನ ಕೆಂಡಲ್ ಮೊದಲಾದವರು ನಡೆದರು. ಸರದಿ ಸಾಲಿನ ಸಿದ್ಧಾಂತವೆಂಬ ಪ್ರತ್ಯೇಕ ಶಾಸ್ತ್ರವೇ ಬೆಳೆಯಿತು. ಬಂದರುಗಳಲ್ಲಿ ಹಡಗು ನಿಲ್ಲುವ ಕಟ್ಟೆಗಳೆಷ್ಟಿರಬೇಕು, ಆಸ್ಪತ್ರೆಯಲ್ಲಿ ಹಾಸಿಗೆಗಳೆಷ್ಟಿರಬೇಕು ಎಂಬ ಪ್ರಶ್ನೆಗಳು ಇಂದು ಅದರ ವ್ಯಾಪ್ತಿಗೆ ಸೇರಿವೆ. 1946ರಲ್ಲಿ ಟೆಲಿಫೋನಿನ ಅಂತರರಾಷ್ಟ್ರೀಯ ಸಮಿತಿಯು ಕರೆಗಳ ದಟ್ಟಣೆಯ ಮಾನಕ್ಕೆ ಆತನ ಹೆಸರನ್ನೇ ಇಟ್ಟಿತು: ಒಂದು ತಂತಿಯು ಬಿಡುವಿಲ್ಲದೆ ತುಂಬಿದ್ದರೆ ಅದು ಒಂದು ಎರ್ಲಾಂಗ್. ಎರಡು ವರ್ಷಗಳ ಅನಂತರ, 1948ರಲ್ಲಿ, ಆತನ ಜೀವನಚರಿತ್ರೆಯೂ ಲೇಖನಗಳೂ ಒಂದೇ ಸಂಪುಟವಾಗಿ ಇಂಗ್ಲಿಷಿನಲ್ಲಿ ಕೋಪನ್‌ಹೇಗನ್ನಿನಿಂದಲೇ ಪ್ರಕಟವಾದವು. ಅದರಿಂದ ಆತನ ಲೇಖನಗಳಿಗಾಗಿ ಯಾರೂ ಡೇನಿಷ್ ಕಲಿಯಬೇಕಾಗಿಲ್ಲ.