ಕತ್ತಲಲ್ಲಿ ಬೆಳಕು ಕಂಡ ಸ್ಟೋಕ್ಸ್

ಈ ಸಲ ನಾನು ವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಬಗ್ಗೆ ಬರೆದಿದ್ದೇನೆ. ಇವರು 1819ರ ಆಗಸ್ಟ್ 13ರಂದು ಐರ್ಲೆಂಡಿನ ಸ್ಕ್ರೀನ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. 1849ರಲ್ಲಿ ಕೇಂಬ್ರಿಡ್ಜ್‌ನಲ್ಲಿ, ಹಿಂದೆ ನ್ಯೂಟನ್ ಇದ್ದ ಪ್ರಾಧ್ಯಾಪಕ ಹುದ್ದೆಯೇ ಇವರಿಗೆ ಸಿಕ್ಕಿತು.

ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನೈನ್ ಗೊತ್ತಲ್ಲ? ಅದನ್ನು ಕರಗಿಸಿದ ನೀರಿಗೆ ಬಣ್ಣವಿಲ್ಲ, ಆದರೂ ಬಿಸಿಲಿಗೆ ಹಿಡಿದರೆ ನೀಲಿಯಾಗಿ ಹೊಳೆಯುತ್ತೆ. ಯಾಕೆ ಅಂತ ತಿಳಿಯಲು ಸ್ಟೋಕ್ಸ್ ಕತ್ತಲೆ ಕೋಣೆಯೊಳಗೆ ಬಿಸಿಲಿನ ಕಿರಣ ಬಿಟ್ಟುಕೊಂಡು, ಪಟ್ಟಕದಿಂದ ಬಣ್ಣಗಳನ್ನು ಬಿಡಿಸಿ, ಆ ನೀರಿನ ನಳಿಕೆಯನ್ನು ಕೆಂಪಿನಿಂದ ನೇರಳೆಯ ಕಡೆಗೆ ಸರಿಸುತ್ತಾ ಹೋದರು. ಕೆಂಪು, ಹಳದಿ, ಹಸಿರಿನಲ್ಲಿ ಏನೂ ಇಲ್ಲ. ನೇರಳೆ ದಾಟಿ ಬರೀ ಕತ್ತಲೆ ಕಾಣುವ ಜಾಗದಲ್ಲಿ ನಳಿಕೆ ನೀಲಿಯಾಗಿ ಹೊಳೆಯಿತು! ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಅದು ಕಾಣುವ ಬೆಳಕು ಕೊಡುತ್ತಿತ್ತು. 1852ರಲ್ಲಿ ಸ್ಟೋಕ್ಸ್ ಇದಕ್ಕೆ ಫ್ಲೋರೆಸೆನ್ಸ್ ಅಂತ ಹೆಸರಿಟ್ಟರು.

ಅವರ ದೀಪ ಸೂರ್ಯನೇ. ಮೋಡ ಕವಿದರೆ ದೀಪ ಆರಿದ ಹಾಗೇ. 1903ರಲ್ಲಿ ಅವರು ತೀರಿಕೊಂಡರು. ಆಮೇಲೆ ಸೂಕ್ಷ್ಮದರ್ಶಕಗಳಿಗೆ ಪಾದರಸದ ದೀಪ ಬಂತು, ಈಗ ಎಲ್‌ಇಡಿ ಬಂದಿದೆ. ಕ್ಷಯದ ಕಫ ಪರೀಕ್ಷೆಯಲ್ಲಿ ಹೊಳೆಯುವ ಬಣ್ಣ ಹಾಕಿ ನೀಲಿ ಎಲ್‌ಇಡಿ ಬೆಳಕು ಬಿಟ್ಟರೆ ರೋಗದ ಕ್ರಿಮಿಗಳು ಮಿಂಚುಹುಳದ ಹಾಗೆ ಕಾಣುತ್ತವೆ. ರೋಗ ಬೇಗ ಗೊತ್ತಾದರೆ ಜೀವ ಉಳಿಯುತ್ತೆ.