ಗಣಿತಸಾರಸಂಗ್ರಹದ ಕರ್ತೃ ಶ್ರೀ ಮಹಾವೀರಾಚಾರ್ಯರು

ಜೈನ ವಾಙ್ಮಯದಲ್ಲಿ ಸಿದ್ಧಾಂತ, ಕಾವ್ಯ, ವ್ಯಾಕರಣಗಳಂತೆ ಗಣಿತಕ್ಕೂ ಹಿರಿದಾದ ಸ್ಥಾನವಿದೆ. ಆ ಗಣಿತವನ್ನು ಸಾಮಾನ್ಯರ ಕೈಗೆ ನೀಡಿದವರಲ್ಲಿ ಅಗ್ರಗಣ್ಯರು ಶ್ರೀ ಮಹಾವೀರಾಚಾರ್ಯರು. ಹೆಸರಿನ ಸಾಮ್ಯದಿಂದ ಇವರನ್ನು ಭಗವಾನ್ ಮಹಾವೀರ ಸ್ವಾಮಿಯವರೆಂದು ಭಾವಿಸಬಾರದು. ಇವರು ಭಗವಂತರ ನಿರ್ವಾಣದ ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರದವರು.

ಮಾನ್ಯಖೇಟದಿಂದ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ, ಕನ್ನಡ ಹಾಗೂ ಮರಾಠಿ ನಾಡುಗಳೆರಡನ್ನೂ ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲ ಕ್ರಿ.ಶ. 814ರಿಂದ 878. ಜಿನಸೇನಾಚಾರ್ಯರೂ ಆ ಕಾಲದವರೇ. ಕ್ರಿ.ಶ. 850ರ ಸುಮಾರಿಗೆ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿ, ಆದಿಯಲ್ಲಿ ಜಿನೇಂದ್ರನಿಗೆ ವಂದಿಸಿ, ಅಮೋಘವರ್ಷನನ್ನು ಪ್ರಶಂಸಿಸಿದ್ದಾರೆ. ಅವರ ಜೀವನಚರಿತ್ರೆ ಎಂದರೆ ಬಹುಮಟ್ಟಿಗೆ ಈ ಗ್ರಂಥವೇ.

ಅಂದಿನವರೆಗೆ ಗಣಿತವು ಹೆಚ್ಚಾಗಿ ಜ್ಯೋತಿಷ ಗ್ರಂಥಗಳ ಒಂದು ಅಧ್ಯಾಯವಾಗಿ ಬರುತ್ತಿತ್ತು. ಆಚಾರ್ಯರು ಗಣಿತಕ್ಕೆಂದೇ ಗ್ರಂಥ ರಚಿಸಿದರು. ಬಡ್ಡಿ, ಪಾಲುಗಾರಿಕೆ, ಬೇರೆ ಬೇರೆ ಬಣ್ಣದ ಬಂಗಾರವನ್ನು ಕೂಡಿಸಿ ಕರಗಿಸುವ ಲೆಕ್ಕ, ಹೊಲದ ಕ್ಷೇತ್ರಫಲ ಇವೆಲ್ಲ ಅದರಲ್ಲಿವೆ. ಪೇಟೆಯಲ್ಲಿ ಕುಳಿತವನಿಗೆ ಇದಕ್ಕಿಂತ ಹತ್ತಿರದ ಶಾಸ್ತ್ರ ಯಾವುದಿದೆ?

ಏಕ, ದಶ, ಶತದಿಂದ ತೊಡಗಿ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಅವರು ಹೆಸರು ಹೇಳಿದ್ದಾರೆ. ದೊಡ್ಡ ಸಂಖ್ಯೆಗಳಲ್ಲಿ ಅವರಿಗೆ ಇದ್ದ ಪ್ರೀತಿ ಗುಣಾಕಾರದ ಪ್ರಕರಣದಲ್ಲಿ ಎದ್ದು ಕಾಣುತ್ತದೆ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿರುವ ಗುಣಲಬ್ಧಗಳನ್ನು ಅಲ್ಲಿ ಕೊಟ್ಟು, ಅಂಥವುಗಳನ್ನು ಅರಸನ ಕೊರಳಿನ ಕಂಠಾಭರಣಕ್ಕೆ ಹೋಲಿಸಿದ್ದಾರೆ. 139ನ್ನು 109ರಿಂದ ಗುಣಿಸಿದರೆ 15151. ಇದು ಚಿಕ್ಕ ಹಾರ. 27994681ನ್ನು 441ರಿಂದ ಗುಣಿಸಿದರೆ ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ 12345654321 ದೊರೆಯುತ್ತದೆ. ನಮ್ಮ ರೂಢಿಯಲ್ಲಿ ಇದು 1234 ಕೋಟಿ 56 ಲಕ್ಷ 54 ಸಾವಿರದ 321. ಆಚಾರ್ಯರ ಎಣಿಕೆಯಲ್ಲಿ ಅರ್ಬುದ ಸ್ಥಾನಕ್ಕೆ ಮುಟ್ಟುವ ಬೆಸ ಸಂಖ್ಯೆ.

ಈ ಹಾರ ಸುಮ್ಮನೆ ಪೋಣಿಸಿದ್ದಲ್ಲ. ಇದು 111111ರ ವರ್ಗ. 441 ಎಂಬುದು 21ರ ವರ್ಗ, 27994681 ಎಂಬುದು 5291ರ ವರ್ಗ. 21ನ್ನು 5291ರಿಂದ ಗುಣಿಸಿದರೆ ಅದೇ 111111. ಅದನ್ನು ಒಡೆದರೆ 3, 7, 11, 13, 37 ಎಂಬ ಐದು ಅವಿಭಾಜ್ಯ ಮಣಿಗಳು. ವರ್ಗದಲ್ಲಿ ಪ್ರತಿಯೊಂದೂ ಎರಡೆರಡು ಬಾರಿ. ಅಂಕಿಗಳ ಮೊತ್ತ 36 ಆದುದರಿಂದ ಒಂಬತ್ತರಿಂದಲೂ ನಿಶ್ಶೇಷವಾಗಿ ಭಾಗವಾಗುತ್ತದೆ. ಕಾಗದ ಪೆನ್ನು ಹಿಡಿದು ಮಕ್ಕಳು ಮನೆಯಲ್ಲೇ ತಾಳೆ ನೋಡಬಹುದು.

ಸಂಖ್ಯೆಯನ್ನು ಶೂನ್ಯದಿಂದ ಭಾಗಿಸಿದರೆ ಬದಲಾಗದು ಎಂಬ ಅವರ ಮಾತನ್ನು ಇಂದಿನ ಗಣಿತ ಒಪ್ಪುವುದಿಲ್ಲ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಸ್ಪಷ್ಟವಾಗಿ ಹೇಳಿದವರೂ ಅವರೇ.

ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಈ ಗ್ರಂಥವನ್ನು ತೆಲುಗಿಗೆ ತಂದನು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಜಗತ್ತಿನ ವಿದ್ವಾಂಸರ ದೃಷ್ಟಿ ಇತ್ತ ಹರಿಯಿತು. 1963ರಲ್ಲಿ ನಮ್ಮ ನೆರೆಯ ಸೋಲಾಪುರದ ಜೀವರಾಜ ಜೈನ ಗ್ರಂಥಮಾಲೆಯು ಹಿಂದಿ ಅನುವಾದವನ್ನು ಹೊರತಂದಿತು. ಆಚಾರ್ಯರು ಹೊಗಳಿದ ದೊರೆಯ ನಾಡಿನ ಭಾಷೆಯಾದ ಕನ್ನಡದಲ್ಲಿ, 2000ದಲ್ಲಿ, ಹೊಂಬುಜ ಜೈನ ಮಠದ ಶ್ರೀ ಸಿದ್ಧಾಂತಕೀರ್ತಿ ಗ್ರಂಥಮಾಲೆಯಿಂದ ಡಾ. ಪದ್ಮಾವತಮ್ಮನವರ ಅನುವಾದ ಪ್ರಕಟವಾಯಿತು.