ಜಾಹೀರಾತೇ ಸರಕಾಯಿತು

ಆಟದ ರೈಲುಗಳ ಲಯೊನೆಲ್ ಕಂಪನಿ ಕಟ್ಟಿದ ಜೋಶುವಾ ಲಯೊನೆಲ್ ಕೋವೆನ್ 1877ರಲ್ಲಿ ನ್ಯೂಯಾರ್ಕ್‌ನಲ್ಲಿ, ವಲಸೆ ಬಂದ ಯಹೂದಿ ಕುಟುಂಬದಲ್ಲಿ ಹುಟ್ಟಿದರು. 1900ರಲ್ಲಿ ಪಾಲುದಾರರೊಬ್ಬರ ಜೊತೆ ಕಂಪನಿ ಆರಂಭಿಸಿದರು. ಅಂಗಡಿಯ ಗಾಜಿನ ಕಿಟಕಿಯಲ್ಲಿ ಸರಕು ಹೊತ್ತು ಸುತ್ತುತ್ತಾ ಗಿರಾಕಿಗಳನ್ನು ಸೆಳೆಯಲೆಂದು, ವಿದ್ಯುತ್ತಿನಿಂದ ಓಡುವ ಮರದ ಪುಟ್ಟ ಗಾಡಿಯೊಂದನ್ನು ಮಾಡಿದರು. ಆದರೆ ಜನ ಸರಕನ್ನು ಬಿಟ್ಟು ಗಾಡಿಯನ್ನೇ ಕೇಳಿದರು. ಕೋವೆನ್ ಹಠ ಮಾಡದೆ ಗಾಡಿಯನ್ನೇ ಮಾರತೊಡಗಿದರು. ಮುಂದೆ ಇಂಜಿನ್‌ಗಳು, ಬೋಗಿಗಳು ಬಂದವು. ಹೆಸರು ಅಮೆರಿಕದ ಮನೆಮನೆಗೂ ತಲುಪಿತು.

1950ರ ದಶಕದಲ್ಲಿ ಮಕ್ಕಳ ಮನಸ್ಸು ಬೇರೆ ಆಟಿಕೆಗಳತ್ತ ಹೊರಳಿತು. ಕಂಪನಿ ಬೇಗ ಬದಲಾಗಲಿಲ್ಲ, ವ್ಯಾಪಾರ ಕುಸಿಯಿತು. 1959ರಲ್ಲಿ ಕೋವೆನ್ ತಮ್ಮ ಷೇರು ಮಾರಿ ಹೊರಬಂದರು, 1965ರಲ್ಲಿ ತೀರಿಕೊಂಡರು. ಆ ಮೊದಲ ಮರದ ಗಾಡಿಗಳನ್ನು ಸಂಗ್ರಾಹಕರು ಇಂದಿಗೂ ಹುಡುಕುತ್ತಾರೆ.

ವಾಣಿಜ್ಯ ಓದುವ ನಮಗೆ ಇಲ್ಲೊಂದು ಪಾಠವಿದೆ: ಗಿರಾಕಿಯ ಮಾತನ್ನು ಒಮ್ಮೆ ಕೇಳಿದರೆ ಸಾಲದು, ಪ್ರತಿ ಸಲವೂ ಕೇಳಬೇಕು.